ಹನ್ನೆರಡು ಬಾಡಿಗೆ ರಸೀದಿಗಳ ಹಿಂದಿನ ಕಥೆ

1996ರ ಜನವರಿ. ಆಗ ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಬಾಡಿಗೆ ಅಂತ ಅವರು ಒಂದು ಪೈಸೆ ತೆಗೆದುಕೊಂಡವರಲ್ಲ. ಬಾಡಿಗೆ ರಸೀದಿ ತನ್ನಿ, ಇಲ್ಲದಿದ್ದರೆ ಸಂಬಳದಲ್ಲಿ ತೆರಿಗೆ ಜಾಸ್ತಿ ಕಟ್ ಆಗುತ್ತದೆ ಎಂದು ಆಫೀಸಿನಲ್ಲಿ ಹೇಳಿದ್ದರು. ಸ್ಟೇಷನ್ ಹತ್ತಿರದ ಅಂಗಡಿಯಿಂದ ರಸೀದಿ ಪುಸ್ತಕ ತಂದೆ. ತಿಂಗಳಿಗೆ 2,000 ರೂಪಾಯಿಯಂತೆ ಹನ್ನೆರಡು ರಸೀದಿ ಬರೆದೆ. ರೆವಿನ್ಯೂ ಸ್ಟಾಂಪ್ ಅಂಟಿಸಿ ಮಾವನ ಮುಂದಿಟ್ಟೆ.

“ಇದೆಂತದು? ನೀನು ಯಾವಾಗ ಬಾಡಿಗೆ ಕೊಟ್ಟದ್ದು?”

“ಟ್ಯಾಕ್ಸ್ ಉಳಿಸ್ಲಿಕ್ಕೆ ಮಾವ. ಎಲ್ಲರೂ ಕೊಡ್ತಾರೆ.”

ಮಾವ ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವರು. ರಾತ್ರಿ ಲೆಕ್ಕದಲ್ಲಿ ಎಂಟಾಣೆ ತಪ್ಪಿದರೂ ನಿದ್ದೆ ಮಾಡದ ಮನುಷ್ಯ. ಹನ್ನೆರಡೂ ರಸೀದಿಗೆ ಸಹಿ ಹಾಕಿದರು. ಪೆನ್ನು ಮುಚ್ಚಿ, “ನಮ್ಮ ಧಣಿಗಳೂ ಹೀಗೇ ಹೇಳ್ತಿದ್ದರು” ಅಂದರು. ಮತ್ತೇನೂ ಹೇಳಲಿಲ್ಲ.

ಅವರ ಅಂಗಿ ಜೇಬಿನಿಂದ ಹತ್ತು ರೂಪಾಯಿ ಕದ್ದಿದ್ದರೆ ನನಗೆ ಅನ್ನ ಸೇರುತ್ತಿರಲಿಲ್ಲ. ಈ ಸುಳ್ಳು ಮಾತ್ರ ಇಬ್ಬರಿಗೂ ಕಳ್ಳತನ ಅನ್ನಿಸಲೇ ಇಲ್ಲ. ತೆರಿಗೆಯ ವಿಷಯದಲ್ಲಿ ನಾವು ‘ಉಳಿಸುವುದು’ ಅನ್ನುತ್ತೇವೆ, ‘ಕದಿಯುವುದು’ ಅನ್ನುವುದಿಲ್ಲ, ಅಲ್ವಾ? ಈ ಮನಸ್ಸು ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದರೆ ಬಹಳ ಹಿಂದಕ್ಕೆ ಹೋಗಬೇಕಾಗುತ್ತದೆ.

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಎಂಬ ಗಾದೆ ಆದಾಯ ತೆರಿಗೆಗಿಂತ ಹಳೆಯದು. ಸುಂಕದವನು ಹೊರಗಿನವನು, ಕಿವಿ ಇಲ್ಲದವನು. ಆದಾಯ ತೆರಿಗೆ ಬಂದಾಗಲೂ ಜನ ಅದನ್ನು ಹಾಗೆಯೇ ಕಂಡರು. ಅದಕ್ಕೆ ಕಾರಣವೂ ಇತ್ತು. 1857ರ ದಂಗೆಯನ್ನು ಅಡಗಿಸಲು ಬ್ರಿಟಿಷರಿಗೆ ವಿಪರೀತ ಖರ್ಚಾಗಿತ್ತು. ಆ ಸಾಲ ತುಂಬಲು 1860ರಲ್ಲಿ ವೈಸರಾಯ್ ಮಂಡಳಿಯ ಹಣಕಾಸು ಸದಸ್ಯ ಜೇಮ್ಸ್ ವಿಲ್ಸನ್ ಮೊದಲ ಆದಾಯ ತೆರಿಗೆ ತಂದರು. ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ಆದಾಯ ಇದ್ದವರಿಗೆ ಮಾತ್ರ ವಿನಾಯಿತಿ. ಅಂದರೆ ನಮ್ಮನ್ನು ಹೊಡೆದ ಖರ್ಚನ್ನು ನಮ್ಮಿಂದಲೇ ವಸೂಲಿ ಮಾಡಿದರು. ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಬಹಿರಂಗವಾಗಿ ವಿರೋಧಿಸಿದ್ದಕ್ಕೆ ಅವರನ್ನೇ ವಾಪಸು ಕರೆಸಿಕೊಂಡರು. ಐದು ವರ್ಷಕ್ಕೆ ಆ ತೆರಿಗೆ ನಿಂತಿತು. ಬೇರೆ ಬೇರೆ ರೂಪದಲ್ಲಿ ಮತ್ತೆ ಬಂತು. 1886ರ ಕಾಯ್ದೆಯಿಂದ ಗಟ್ಟಿಯಾಗಿ ನೆಲೆ ನಿಂತಿತು. ಕೃಷಿ ಆದಾಯಕ್ಕೆ ವಿನಾಯಿತಿ ಆ ಕಾಯ್ದೆಯಲ್ಲೂ ಇತ್ತು, ಇವತ್ತಿಗೂ ಇದೆ. ಮುಂಬೈಯ ವ್ಯಾಪಾರದ ದುಡ್ಡನ್ನು ಊರಿನ ಅಡಿಕೆ ತೋಟದ ಫಸಲು ಅಂತ ಬರೆಸುವವರು ದಾಟುವ ಬಾಗಿಲು ಇದೇ.

ಪರರ ಸರ್ಕಾರಕ್ಕೆ ತೆರಿಗೆ ಕೊಡದಿರುವುದು ಒಂದು ಕಾಲದಲ್ಲಿ ಧರ್ಮವೇ ಆಗಿತ್ತು. 1928ರಲ್ಲಿ ಗುಜರಾತಿನ ಬಾರ್ಡೋಲಿಯ ರೈತರು ಏರಿಸಿದ ಕಂದಾಯ ಕೊಡುವುದಿಲ್ಲ ಎಂದರು. 1930ರಲ್ಲಿ ಮುಂಬೈಯ ವಡಾಲಾ ಉಪ್ಪಿನ ಗದ್ದೆಗಳಿಗೆ ಜನ ನುಗ್ಗಿದರು. ಅದೇ ವರ್ಷ ಅಂಕೋಲದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಆಮೇಲೆ ಅಂಕೋಲ, ಸಿದ್ದಾಪುರದ ರೈತರು ಕರನಿರಾಕರಣೆಗೆ ಇಳಿದರು. ಉತ್ತರ ಕನ್ನಡ ಆಗ ಮುಂಬೈ ಪ್ರಾಂತ್ಯದ ಜಿಲ್ಲೆ. ಅವರು ಕೊಡುವುದಿಲ್ಲ ಎಂದದ್ದು ಇದೇ ಮುಂಬೈಯಲ್ಲಿ ಕೂತಿದ್ದ ಸರ್ಕಾರಕ್ಕೆ.

ಅವರು ಯಾವುದನ್ನೂ ಬಚ್ಚಿಡಲಿಲ್ಲ. ಕೊಡುವುದಿಲ್ಲ ಎಂದು ಊರೆದುರಿಗೆ ಹೇಳಿದರು. ಜಮೀನು ಜಪ್ತಿಯಾಯಿತು. ಮನೆ, ದನಕರು, ಪಾತ್ರೆಪಗಡೆ ಹರಾಜಾಯಿತು. ಜೈಲಿಗೆ ಹೋದರು. ನಾನು ಬರೆದ ರಸೀದಿಗೂ ಅವರ ನಿರಾಕರಣೆಗೂ ಏನೇನೂ ಸಂಬಂಧವಿಲ್ಲ. ‘ಈ ಸರ್ಕಾರಕ್ಕೆ ಯಾಕೆ ಕೊಡಬೇಕು’ ಎಂದು ಟೀ ಕುಡಿಯುತ್ತಾ ಹೇಳುವಾಗ ನಾವು ಅವರ ಮಾತನ್ನು ಎತ್ತಿಕೊಳ್ಳುತ್ತೇವೆ. ಅವರು ತೆತ್ತ ಬೆಲೆಯನ್ನು ಬಿಟ್ಟುಬಿಡುತ್ತೇವೆ.

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ನಮ್ಮದಾಯಿತು. ಅಭ್ಯಾಸ ಹಾಗೇ ಉಳಿಯಿತು. ಅದನ್ನು ಬೆಳೆಸಿದ್ದರಲ್ಲಿ ಕಾನೂನಿನ ಪಾಲೂ ಇದೆ. 1973–74ರಲ್ಲಿ ಎರಡು ಲಕ್ಷ ರೂಪಾಯಿ ಮೀರಿದ ಆದಾಯದ ಮೇಲೆ ತೆರಿಗೆ ಶೇ. 85. ಅದರ ಮೇಲೆ ಸರ್‌ಚಾರ್ಜ್. ಒಟ್ಟು ಶೇ. 97.75. ಆ ಮಿತಿ ದಾಟಿದ ಮೇಲೆ ನೂರು ರೂಪಾಯಿ ದುಡಿದರೆ ಕೈಗೆ ಎರಡೂಕಾಲು ರೂಪಾಯಿ. ಇಷ್ಟು ದರ ಇಟ್ಟರೆ ಜನ ಬಚ್ಚಿಡುತ್ತಾರೆ, ಇಳಿಸಿ ಎಂದು ಕಪ್ಪುಹಣದ ಬಗ್ಗೆ ಸರ್ಕಾರ ನೇಮಿಸಿದ್ದ ವಾಂಚೂ ಸಮಿತಿ 1971ರಲ್ಲೇ ಹೇಳಿತ್ತು. 1974ರಲ್ಲಿ ಹಣಕಾಸು ಮಂತ್ರಿ ಯಶವಂತರಾವ್ ಚವಾಣ್ ಶೇ. 77ಕ್ಕೆ ಇಳಿಸಿದರು. 1985ರಲ್ಲಿ ವಿ.ಪಿ. ಸಿಂಗ್ ಶೇ. 50ಕ್ಕೆ ತಂದರು. 1997ರಲ್ಲಿ ಚಿದಂಬರಂ ಶೇ. 30ಕ್ಕೆ ತಂದರು. 97.75ರ ದರ ತಟ್ಟುತ್ತಿದ್ದದ್ದು ತುಂಬಾ ಸಿರಿವಂತರಿಗೆ ಮಾತ್ರ. ಆದರೆ ಆ ನೆಪ ಎಲ್ಲರಿಗೂ ಸಿಕ್ಕಿತು.

ಮುಂಬೈಯಲ್ಲಿ ಇದಕ್ಕಿಂತ ಆಳಕ್ಕೆ ಇಳಿದದ್ದು ಪಗಡಿ, ಅಂದರೆ ಜಾಗ ಬಾಡಿಗೆಗೆ ಹಿಡಿಯುವಾಗ ಬಾಡಿಗೆಯಲ್ಲದೆ ಮೊದಲೇ ಕೊಡಬೇಕಾದ ದೊಡ್ಡ ಮೊತ್ತ. 1947ರ ಬಾಡಿಗೆ ಕಾಯ್ದೆ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಯುದ್ಧ, ವಿಭಜನೆ, ಊರಿನಿಂದ ಹರಿದುಬರುತ್ತಿದ್ದ ಜನ. ಇವರಿಗೆಲ್ಲ ರಕ್ಷಣೆ ಬೇಕಿತ್ತು, ಉದ್ದೇಶ ಒಳ್ಳೆಯದೇ. ಆದರೆ ಜಾಗದ ಬೆಲೆ ಏರುತ್ತಲೇ ಹೋಯಿತು, ಬಾಡಿಗೆ ಏರಲಿಲ್ಲ. ನಡುವಿನ ವ್ಯತ್ಯಾಸ ಕೈಯಿಂದ ಕೈಗೆ ಕ್ಯಾಶ್ ಆಗಿ ಹೋಗತೊಡಗಿತು. ಖೋಲಿ ಬೇಕಾದರೂ ಪಗಡಿ, ಅಂಗಡಿ ಬೇಕಾದರೂ ಪಗಡಿ. ಅದನ್ನು ತೆಗೆದುಕೊಳ್ಳುವುದು ಅಪರಾಧ, ಹಾಗಾಗಿ ರಸೀದಿ ಇಲ್ಲ. ರಸೀದಿ ಇಲ್ಲದ ದುಡ್ಡು ಕೊಡಬೇಕಾದರೆ ರಸೀದಿ ಇಲ್ಲದ ದುಡ್ಡು ದುಡಿಯಲೂಬೇಕು. ಉಡುಪಿ, ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು, ಬಟ್ಟಲು ತೊಳೆದು, ರಾತ್ರಿಶಾಲೆಯಲ್ಲಿ ಓದಿ, ಕೊನೆಗೆ ಸ್ವಂತ ಹೋಟೆಲ್ ಇಡಲು ಹೊರಟವನಿಗೆ ಮೊದಲ ಬಾಗಿಲೇ ಪಗಡಿ. ತೆರಿಗೆಯವರಿಗೆ ತೋರಿಸದ ಎರಡನೇ ನಂಬರಿನ ಲೆಕ್ಕದ ಪುಸ್ತಕ ಹುಟ್ಟಿದ್ದು ಬರೀ ದುರಾಸೆಯಿಂದ ಎಂದರೆ ಅದು ಅನ್ಯಾಯದ ಮಾತು. ಈ ಮಾತು ನಾನು ಮಾವನ ಪೀಳಿಗೆಯ ಪರವಾಗಿ ಗಟ್ಟಿಯಾಗಿ ಹೇಳುತ್ತೇನೆ.

ಪಗಡಿಯನ್ನು ಕಾನೂನು ಒಪ್ಪಿಕೊಂಡದ್ದು 1999ರ ಮಹಾರಾಷ್ಟ್ರ ಬಾಡಿಗೆ ಕಾಯ್ದೆಯಲ್ಲಿ. ಅದು ಜಾರಿಗೆ ಬಂದದ್ದು 2000ದ ಮಾರ್ಚ್ 31ರಂದು. ಅರ್ಧ ಶತಮಾನ ಕಳೆದಿತ್ತು. ಅಷ್ಟರಲ್ಲಿ ‘ಇಷ್ಟು ವೈಟ್, ಇಷ್ಟು ಬ್ಲ್ಯಾಕ್’ ಎಂದು ಫ್ಲ್ಯಾಟಿನ ಮಾತು ಶುರುಮಾಡುವುದು ಮಾಮೂಲಾಗಿತ್ತು. ಸ್ಟಾಂಪ್ ಡ್ಯೂಟಿಗೆ ಸರ್ಕಾರ ಹಿಡಿಯುವ ರೆಡಿ ರೆಕ್ನರ್ ಬೆಲೆಗಿಂತ ಕಡಿಮೆ ತೋರಿಸಿ ಮಾರಿದರೂ ಆ ಬೆಲೆಯ ಮೇಲೇ ತೆರಿಗೆ ಎಂಬ ನಿಯಮ 2002ರಲ್ಲಿ ಬಂತು.

ಕಾನೂನಿನ ಒಳಗಿದ್ದು ತೆರಿಗೆ ಕಡಿಮೆ ಮಾಡಿಕೊಳ್ಳುವುದು ತಪ್ಪಾ? ಇದರ ಮೇಲೆ ನ್ಯಾಯಾಲಯಗಳು ಬಹಳ ಕಾಲ ಜಗ್ಗಾಡಿವೆ. ಬ್ರಿಟನ್ನಿನಲ್ಲಿ ವೆಸ್ಟ್‌ಮಿನ್‌ಸ್ಟರಿನ ಡ್ಯೂಕ್ ತನ್ನ ತೋಟದ ಮಾಲಿಗೆ ಕೊಡುವ ಹಣವನ್ನು ಸಂಬಳ ಎನ್ನದೆ ಕರಾರುಪತ್ರದ ವರ್ಷಾಶನ ಎಂದು ತೋರಿಸಿದ. 1935ರಲ್ಲಿ ಅಲ್ಲಿನ ಕೋರ್ಟು ಅವನ ಪರ ನಿಂತಿತು. 1985ರಲ್ಲಿ ನಮ್ಮ ಸುಪ್ರೀಂ ಕೋರ್ಟು ಮ್ಯಾಕ್‌ಡೊವೆಲ್ ಮೊಕದ್ದಮೆಯಲ್ಲಿ ಬೇರೆ ದಾರಿ ಹಿಡಿಯಿತು. ಕಾನೂನಿನ ಚೌಕಟ್ಟಿನಲ್ಲಿ ಯೋಜನೆ ಮಾಡಿಕೊಳ್ಳಬಹುದು, ವೇಷ ಹಾಕಿದ ವ್ಯವಹಾರ ಯೋಜನೆಯಲ್ಲ ಎಂದಿತು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಇನ್ನೂ ಮುಂದೆ ಹೋದರು. ಚಾಲಾಕಿಗಳು ಇಳಿಸಿಕೊಂಡ ಹೊರೆ ಕಪಟವಿಲ್ಲದ ನಾಗರಿಕರ ಹೆಗಲಿಗೆ ಬೀಳುತ್ತದೆ ಎಂಬ ಅರ್ಥದ ಮಾತು ಬರೆದರು. ನನಗೆ ಆ ತೀರ್ಪಿನಲ್ಲಿ ದೊಡ್ಡದಾಗಿ ಕಂಡದ್ದು ಇದೊಂದೇ ವಾಕ್ಯ.

ಯಾಕೆಂದರೆ ಆ ಹೆಗಲು ಯಾರದ್ದು ಎಂದು ಹೇಳುವ ಸಾಲು ನನ್ನ ಪೇಸ್ಲಿಪ್ಪಿನಲ್ಲೇ ಇತ್ತು. ವೃತ್ತಿ ತೆರಿಗೆ. ಈಗ ತಿಂಗಳಿಗೆ 200 ರೂಪಾಯಿ, ಫೆಬ್ರವರಿಯಲ್ಲಿ 300, ವರ್ಷಕ್ಕೆ 2,500. ಸಣ್ಣ ಮೊತ್ತ ಅಂತ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದರ ಹಿಂದಿನ ಕಥೆ ಗೊತ್ತಾದಾಗ ನಾನು ನಿಜವಾಗಿ ಅಲ್ಲಾಡಿದೆ. 1970ರ ದಶಕದ ಮೊದಲ ವರ್ಷಗಳಲ್ಲಿ ಮಹಾರಾಷ್ಟ್ರದಲ್ಲಿ ಘೋರ ಬರ ಬಿತ್ತು. ಕೆಲಸ ಕೇಳಿದ ಪ್ರತಿಯೊಬ್ಬ ಹಳ್ಳಿಗನಿಗೂ ಕೆಲಸ ಕೊಡಬೇಕು ಎಂಬ ಉದ್ಯೋಗ ಖಾತರಿ ಯೋಜನೆಯನ್ನು ಅಲ್ಲಿನ ವಿಧಾನ ಪರಿಷತ್ತಿನ ಸಭಾಪತಿ ವಿ.ಎಸ್. ಪಾಗೆ ರೂಪಿಸಿದರು. ಹಣ ಎಲ್ಲಿಂದ? 1975ರಲ್ಲಿ ವೃತ್ತಿ ತೆರಿಗೆ ತಂದರು. ಪಟ್ಟಣದ ಸಂಬಳದಾರರಿಂದ ಬಂದ ಹಣಕ್ಕೆ ಸರ್ಕಾರ ಅಷ್ಟೇ ಹಣ ಸೇರಿಸಬೇಕು. 1979ರ ಜನವರಿ 26ರಿಂದ ಅದು ಕಾನೂನಿನ ಹಕ್ಕಾಯಿತು. 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಗೆ ಇದೇ ಮಾದರಿ.

ಮಹಾರಾಷ್ಟ್ರದ ಗಡಿಯ ಅಕ್ಕಲಕೋಟೆ, ಜತ್ತ ಬರದ ನಾಡು. ಅಲ್ಲಿ ಕನ್ನಡ ಮಾತಾಡುವ ಹಳ್ಳಿಗಳು ಎಷ್ಟೋ ಇವೆ. ಕೆರೆ ತೋಡಿ, ರಸ್ತೆಗೆ ಜಲ್ಲಿ ಒಡೆದು ಕೂಲಿ ಪಡೆದ ಹೆಂಗಸರಿಗೂ ಫೋರ್ಟಿನ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತ ಗುಮಾಸ್ತನಿಗೂ ಇದ್ದ ನಂಟು ಆ ಒಂದು ಸಾಲು. ಆ ಹಣ ಪೂರ್ತಿ ಖರ್ಚಾಗದೆ ಉಳಿದ ವರ್ಷಗಳೂ ಇವೆ. ಆ ಬಗ್ಗೆ ಸರ್ಕಾರವನ್ನು ಕೇಳುವ ಹಕ್ಕು ನಮಗಿದೆ. ಆದರೆ ಕೇಳಲು ಮೊದಲು ಕೊಟ್ಟಿರಬೇಕು.

ಆಕ್ಟ್ರಾಯ್, ಅಂದರೆ ನಗರದೊಳಕ್ಕೆ ಬರುವ ಸರಕಿನ ಮೇಲಿನ ಸುಂಕ, ಅದರ ಕಥೆಯೂ ಇಂಥದ್ದೇ. 2017ರ ಜುಲೈ 1ರಂದು ಜಿಎಸ್‌ಟಿ ಬರುವವರೆಗೆ ದಹಿಸರ್, ಮುಲುಂಡ್ ನಾಕಾಗಳಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಆ ದುಡ್ಡು ಹೋಗುತ್ತಿದ್ದದ್ದು ಮಹಾನಗರ ಪಾಲಿಕೆಗೆ. ಕೆ.ಇ.ಎಂ., ಸಯಾನ್, ನಾಯರ್ ಆಸ್ಪತ್ರೆಗಳು ಪಾಲಿಕೆಯವು. ಊರಿನಿಂದ ಬಂದ ಎಷ್ಟು ಬಡ ರೋಗಿಗಳು ಅಲ್ಲಿ ಬದುಕಿ ಎದ್ದಿದ್ದಾರೆ! ಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸಿದೆ. ನನ್ನ ಅತ್ತೆಯ ಮಕ್ಕಳು ಅ ಆ ಇ ಈ ಕಲಿತದ್ದು ಅಂಥ ಶಾಲೆಯಲ್ಲಿ. ‘ಪಕ್ಕಾ ಬಿಲ್ ಬೇಡ, ಟ್ಯಾಕ್ಸ್ ಉಳಿಯುತ್ತೆ’ ಎಂದು ಅಂಗಡಿಯವನಿಗೆ ಹೇಳುವಾಗ ಆ ಕರಿಹಲಗೆ ಯಾರಿಗೂ ನೆನಪಾಗುವುದಿಲ್ಲ. ನಮ್ಮ ಸೊಸೈಟಿಯ ವಾಚ್‌ಮನ್ ಸೋಪು ಕೊಂಡರೆ ಬೆಲೆಯೊಳಗೇ ತೆರಿಗೆ ಸೇರಿರುತ್ತದೆ. ಅವನಿಗೆ ಸಿ.ಎ. ಇಲ್ಲ, ರಸೀದಿ ಪುಸ್ತಕವೂ ಇಲ್ಲ.

ಈಗ ಕಂಪ್ಯೂಟರು ಎಲ್ಲವನ್ನೂ ಜೋಡಿಸಿ ನೋಡುತ್ತದೆ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮನೆ ಮಾಲೀಕರ ಪ್ಯಾನ್ ಕೊಡಬೇಕು. 2017ರಲ್ಲಿ ಮುಂಬೈಯ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಒಂದು ಪ್ರಕರಣ ನೋಡಿತು. ತಾಯಿಗೆ ನಗದಾಗಿ ಬಾಡಿಗೆ ಕೊಟ್ಟೆ ಎಂದ ಒಬ್ಬರ ಬಳಿ ಪುರಾವೆ ಇರಲಿಲ್ಲ. ವಿನಾಯಿತಿ ಸಿಗಲಿಲ್ಲ. 2025ರ ಜುಲೈನಲ್ಲಿ ಇಲಾಖೆ ಸುಳ್ಳು ಕಡಿತಗಳ ಬಗ್ಗೆ ದೇಶದ 150 ಕಡೆ ತಪಾಸಣೆ ಮಾಡಿತು. ಅದಕ್ಕೆ ಮುಂಚಿನ ನಾಲ್ಕು ತಿಂಗಳಲ್ಲಿ ಸುಮಾರು 40 ಸಾವಿರ ಜನ ತಾವಾಗಿಯೇ ರಿಟರ್ನ್ ತಿದ್ದಿ, 1,045 ಕೋಟಿ ರೂಪಾಯಿಯ ಸುಳ್ಳು ಲೆಕ್ಕ ಹಿಂದಕ್ಕೆ ತೆಗೆದುಕೊಂಡರು ಎಂದು ಹೇಳಿತು. ಅವರಲ್ಲಿ ಹೆಚ್ಚಿನವರು ನನ್ನಂಥ ಸಂಬಳದವರೇ ಇರಬೇಕು.

ಕಳೆದ ವರ್ಷ ನನ್ನ ಮಗಳು ಕೇಳಿದಳು, “ಪಪ್ಪಾ, ಅಮ್ಮನಿಗೆ ಬಾಡಿಗೆ ಕೊಡ್ತೇನೆ ಅಂತ ತೋರಿಸ್ಲಾ?” ಫ್ಲ್ಯಾಟು ಅವಳ ಅಮ್ಮನ ಹೆಸರಲ್ಲಿದೆ. ಮಗಳು ಬಾಡಿಗೆಗೆ ವಿನಾಯಿತಿ ಸಿಗುವ ಹಳೆಯ ಪದ್ಧತಿಯಲ್ಲೇ ತೆರಿಗೆ ಕಟ್ಟುವವಳು. ತೋರಿಸಬೇಡ, ಕೊಡು ಅಂದೆ. ನಿಜವಾಗಿ ಕೊಟ್ಟರೆ ಕಾನೂನು ಬೇಡ ಅನ್ನುವುದಿಲ್ಲ. ಇಬ್ಬರೂ ಕೂತು ಬಾಡಿಗೆ ಕರಾರು ಬರೆದರು. ಈಗ ಪ್ರತಿ ತಿಂಗಳು 5ನೇ ತಾರೀಖು ಅವಳ ಖಾತೆಯಿಂದ ಅಮ್ಮನ ಖಾತೆಗೆ 15,000 ರೂಪಾಯಿ ಹೋಗುತ್ತದೆ. ನನ್ನ ಹೆಂಡತಿ ಮೊದಲ ಸಲ ತನ್ನ ಹೆಸರಲ್ಲಿ ರಿಟರ್ನ್ ತುಂಬಿದಳು. ಬಾಡಿಗೆಯಲ್ಲಿ ಶೇ. 30 ಕಡಿತ ಹೋಗಿ ಉಳಿದದ್ದನ್ನು ಆದಾಯ ಎಂದು ಬರೆದಳು. ತೆರಿಗೆ ಏನೂ ಬರಲಿಲ್ಲ. ಆ ಹಣದಲ್ಲಿ ಅವಳು ಹಾರ್ಮೋನಿಯಂ ಕ್ಲಾಸಿಗೆ ಸೇರಿದ್ದಾಳೆ.