‘ಪ್ರೀ-ವರ್ಕೌಟ್’ ಅಂದರೆ ಏನು? ಓಡುವವರಿಗೆ ಅದರಿಂದ ಉಪಯೋಗ ಇದೆಯಾ?

ಜಿಮ್‌ಗೆ ಹೋಗುವವರ ಬಾಯಲ್ಲಿ ಇದು ಈಗ ಬರೀ ‘ಪ್ರೀ’. "ಪ್ರೀ ಹಾಕ್ಕೊಂಡ್ಯಾ?" ಅಂತ ಒಬ್ಬ ಕೇಳುತ್ತಾನೆ, ಇನ್ನೊಬ್ಬ ಶೇಕರ್ ಅಲ್ಲಾಡಿಸಿ ತೋರಿಸುತ್ತಾನೆ. ಪದದ ಅರ್ಥವೇನೋ ಸುಲಭ: ವರ್ಕೌಟ್‌ಗೆ ಮುಂಚೆ ತೆಗೆದುಕೊಳ್ಳುವುದು. ಹಾಗೆ ನೋಡಿದರೆ ಓಡುವ ಮುಂಚೆ ತಿಂದ ಬಾಳೆಹಣ್ಣೂ ಪ್ರೀ-ವರ್ಕೌಟೇ. ಆದರೆ ಅಂಗಡಿಯಲ್ಲಿ ಈ ಹೆಸರಿಗೆ ಸಿಗುವುದು ಡಬ್ಬಿ ತುಂಬ ಬಣ್ಣದ ಪುಡಿ. ಒಂದು ಸ್ಕೂಪ್ ನೀರಿಗೆ ಹಾಕಿ, ಅರ್ಧ ಗಂಟೆ ಮುಂಚೆ ಕುಡಿಯಬೇಕು. ಅದು ಒಂದು ವಸ್ತುವಲ್ಲ, ಹತ್ತಾರು ವಸ್ತುಗಳ ಮಿಶ್ರಣ, ಒಂದು ಡಬ್ಬಿಯಲ್ಲಿ ಇರುವುದು ಇನ್ನೊಂದರಲ್ಲಿ ಇರಬೇಕು ಅಂತೇನೂ ಇಲ್ಲ. ಹಾಗಾಗಿ "ಪ್ರೀ-ವರ್ಕೌಟ್ ಕೆಲಸ ಮಾಡುತ್ತಾ?" ಅನ್ನುವುದು "ಪಲ್ಯ ಚೆನ್ನಾಗಿರುತ್ತಾ?" ಅಂತ ಕೇಳಿದ ಹಾಗೆ. ಯಾವ ಪಲ್ಯ, ಏನೇನು ಹಾಕಿದ್ದೀರಿ ಅಂತ ಮೊದಲು ಹೇಳಬೇಕಲ್ವಾ?

ಓಟಕ್ಕೆ ಸಂಬಂಧಪಟ್ಟಂತೆ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆ ಡಬ್ಬಿಯಲ್ಲಿ ಅವತ್ತಿನ ಓಟಕ್ಕೆ ನಿಜವಾಗಿ ಕೆಲಸಕ್ಕೆ ಬರುವುದು ಕೆಫೀನ್. ಉಳಿದದ್ದರಲ್ಲಿ ಬಹುಪಾಲು ಭಾರ ಎತ್ತುವವರಿಗಾಗಿ ಹಾಕಿದ್ದು, ಇಲ್ಲವೇ ಸುಮ್ನೆ ಹಾಕಿದ್ದು.

ಕೆಫೀನ್ ಹೇಗೆ ಕೆಲಸ ಮಾಡುತ್ತದೆ? ದಣಿವಾದಾಗ ಮೆದುಳಿನಲ್ಲಿ ಅಡೆನೋಸಿನ್ ಅನ್ನುವ ವಸ್ತು ಬಂದು ತನ್ನ ಸೀಟಿನಲ್ಲಿ ಕೂರುತ್ತದೆ, ಆಗ ನಮಗೆ ಸುಸ್ತು ಅನ್ನಿಸುತ್ತದೆ. ಕೆಫೀನ್ ಮೊದಲೇ ಹೋಗಿ, ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ ಆ ಜಾಗ ಹಿಡಿದುಬಿಡುತ್ತದೆ. ಸುಸ್ತು ಮಾಯವಾಗುವುದಿಲ್ಲ, ಅದು ಗೊತ್ತಾಗುವುದು ಕಡಿಮೆಯಾಗುತ್ತದೆ, ಅಷ್ಟೇ. ಸಂಶೋಧನೆಗಳಲ್ಲಿ ಹೆಚ್ಚಾಗಿ ಬಳಸುವ ಪ್ರಮಾಣ ದೇಹದ ತೂಕದ ಒಂದು ಕಿಲೋಗೆ 3ರಿಂದ 6 ಮಿಲಿಗ್ರಾಂ, ಸುಮಾರು ಒಂದು ಗಂಟೆ ಮುಂಚೆ. ದೂರದ ಓಟ, ಸೈಕಲ್‌ನಂಥವುಗಳಲ್ಲಿ ಇದರಿಂದ ಸರಾಸರಿ ಶೇಕಡಾ 2-3ರಷ್ಟು ಲಾಭ ಕಾಣುತ್ತದೆ. 10 ಕಿಲೋಮೀಟರನ್ನು 60 ನಿಮಿಷದಲ್ಲಿ ಓಡುವವರಿಗೆ ಹೆಚ್ಚುಕಡಿಮೆ ಒಂದರಿಂದ ಎರಡು ನಿಮಿಷ ಉಳಿಯಬಹುದು. ಒಬ್ಬೊಬ್ಬರಿಗೆ ಒಂದೊಂದು ಥರ, ಕೆಲವರಿಗೆ ಏನೂ ಆಗುವುದಿಲ್ಲ, ಇನ್ನು ಕೆಲವರಿಗೆ ಎದೆ ಡವಡವ ಅಂದು ಓಟವೇ ಹಾಳಾಗುತ್ತದೆ. 2004ರಲ್ಲಿ ಕೆಫೀನನ್ನು ಉದ್ದೀಪನ ಮದ್ದಿನ ನಿಷೇಧಿತ ಪಟ್ಟಿಯಿಂದ ತೆಗೆದರು, ಹಾಗಾಗಿ ಕಾಫಿ ಕುಡಿದು ಓಡಿದರೆ ಯಾರೂ ಕೇಳುವುದಿಲ್ಲ.

ಕಾಫಿ ಅಂದೆನಲ್ಲ, ನಮ್ಮ ಮನೆಯ ಫಿಲ್ಟರ್ ಕಾಫಿಯ ಲೆಕ್ಕ ಹಿಡಿಯುವುದು ಕಷ್ಟ. ಕೊಡಗಿನಲ್ಲಿ ಜಾಸ್ತಿ ಬೆಳೆಯುವ ರೋಬಸ್ಟಾದಲ್ಲಿ ಅರೇಬಿಕಾದ ಹತ್ತಿರಹತ್ತಿರ ಎರಡು ಪಟ್ಟು ಕೆಫೀನ್ ಇರುತ್ತದೆ. ಚಿಕೋರಿಯಲ್ಲಿ ಮಾತ್ರ ಕೆಫೀನ್ ಇಲ್ಲವೇ ಇಲ್ಲ. ಅಂದರೆ ಅರ್ಧಕ್ಕರ್ಧ ಚಿಕೋರಿ ಬೆರೆಸಿದ ಪುಡಿಯ ಕಪ್ಪನೆಯ ಡಿಕಾಕ್ಷನ್ ನೋಡಿ ‘ಸ್ಟ್ರಾಂಗ್ ಆಗಿದೆ’ ಅಂತ ಮೋಸ ಹೋಗಬಾರದು. ಲೆಕ್ಕ ಗೊತ್ತಿರುವುದು ಡಬ್ಬಿಯ ಪರವಾಗಿ ಹೇಳಬಹುದಾದ ಒಂದು ಮಾತು, ಲೇಬಲ್ ಸರಿಯಾಗಿದ್ದರೆ!

ಇನ್ನು ಆ ಜುಮ್‌ಜುಮ್ ವಿಷಯ. ಮೊದಲ ಸಲ ಒಂದು ಸ್ಕೂಪ್ ಕುಡಿದು ಕಬ್ಬನ್ ಪಾರ್ಕಿಗೆ ಹೋದಾಗ ಹತ್ತೇ ನಿಮಿಷಕ್ಕೆ ಕಿವಿ, ಕೆನ್ನೆ, ಬೆರಳ ತುದಿ ಎಲ್ಲಾ ಇರುವೆ ಹರಿದ ಹಾಗಾಯಿತು. ‘ಆಹಾ, ಹತ್ತುತ್ತಿದೆ’ ಅಂದುಕೊಂಡು ಮೊದಲ ಎರಡು ಕಿಲೋಮೀಟರ್ ಜೋರಾಗಿ ಓಡಿದೆ, ಆಮೇಲೆ ಹೊಟ್ಟೆ ಹಿಡಿದುಕೊಂಡು ಬೆಂಚು ಹುಡುಕಿದೆ. ಆ ಜುಮ್ಮೆನ್ನುವುದಕ್ಕೆ ಕಾರಣ ಪುಡಿಯಲ್ಲಿರುವ ಬೀಟಾ-ಅಲನೈನ್ ಅನ್ನುವ ಅಮೈನೋ ಆಮ್ಲ. ಅದರಿಂದ ತೊಂದರೆಯಿಲ್ಲ, ಆದರೆ ಅದು ಶಕ್ತಿ ಬಂದ ಲಕ್ಷಣವೂ ಅಲ್ಲ, ಚರ್ಮದ ನರಗಳನ್ನು ಕೆಣಕುತ್ತದೆ ಅಷ್ಟೇ. ಬೀಟಾ-ಅಲನೈನ್‌ನ ನಿಜವಾದ ಕೆಲಸ ಸ್ನಾಯುಗಳಲ್ಲಿ ಕಾರ್ನೊಸಿನ್ ಹೆಚ್ಚಿಸುವುದು, ಅದರಿಂದ ಜೋರಾಗಿ ಓಡುವಾಗ ಹುಟ್ಟುವ ಆಮ್ಲವನ್ನು ಸ್ನಾಯು ತಡೆದುಕೊಳ್ಳುತ್ತದೆ. ಆ ಕಾರ್ನೊಸಿನ್ ಏರಬೇಕಾದರೆ ದಿನಾ 3ರಿಂದ 6 ಗ್ರಾಂನಷ್ಟು ನಾಲ್ಕು ವಾರವಾದರೂ ತೆಗೆದುಕೊಳ್ಳಬೇಕು. ಅಷ್ಟಾದರೂ ಮುಖ್ಯವಾಗಿ ಉಪಯೋಗ ಒಂದರಿಂದ ನಾಲ್ಕು ನಿಮಿಷದ ಜೋರು ಓಟಕ್ಕೆ, ಅಂದರೆ 800 ಮೀಟರ್, 1500 ಮೀಟರ್ ಓಡುವವರಿಗೆ. ಭಾನುವಾರ 15 ಕಿಲೋಮೀಟರ್ ಓಡುವ ನಮಗೆ, ಅದೂ ಓಡುವ ದಿನ ಮಾತ್ರ ಒಂದು ಸ್ಕೂಪ್ ಕುಡಿದರೆ, ಸಿಗುವುದು ಇರುವೆ ಹರಿದಾಟ ಮಾತ್ರ.

ಇಂಥ ಡಬ್ಬಿಗಳಲ್ಲಿ ಇರುವ ಇನ್ನೊಂದು ವಸ್ತು ಸಿಟ್ರುಲಿನ್. ಅದಕ್ಕೆ ಆ ಹೆಸರು ಬಂದದ್ದು ಕಲ್ಲಂಗಡಿಯ ಲ್ಯಾಟಿನ್ ಹೆಸರಿನಿಂದ, ಮೊದಲು ಸಿಕ್ಕಿದ್ದೂ ಅದೇ ಹಣ್ಣಿನಲ್ಲಿ. ರಕ್ತನಾಳ ಹಿಗ್ಗಿಸುತ್ತದೆ ಅನ್ನುವುದು ಅದರ ಮೇಲಿನ ನಂಬಿಕೆ. ಓಟಗಾರರ ಮೇಲಿನ ಫಲಿತಾಂಶಗಳು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಕೆಲವು ಡಬ್ಬಿಗಳಲ್ಲಿ ಬರುವ ಕ್ರಿಯೇಟಿನ್ ಒಳ್ಳೆಯದೇ, ಆದರೆ ಜಿಮ್‌ಗೆ, ಸ್ಪ್ರಿಂಟ್‌ಗೆ. ನೀರು ಹಿಡಿದಿಟ್ಟು ಒಂದೆರಡು ಕಿಲೋ ತೂಕ ಏರಿಸಿದರೆ ಆ ತೂಕ ಹೊತ್ತು ಓಡುವವರು ನೀವೇ ತಾನೇ.

2018ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಕೂತು ನೋಡಿದಾಗ, ನೇರವಾಗಿ ಆಟದ ಸಾಮರ್ಥ್ಯ ಹೆಚ್ಚಿಸುತ್ತವೆ ಅನ್ನುವುದಕ್ಕೆ ಒಳ್ಳೆಯ ಆಧಾರ ಕಂಡದ್ದು ಐದಕ್ಕೆ: ಕೆಫೀನ್, ಕ್ರಿಯೇಟಿನ್, ನೈಟ್ರೇಟ್, ಬೀಟಾ-ಅಲನೈನ್, ಸೋಡಿಯಂ ಬೈಕಾರ್ಬೊನೇಟ್. ಕೊನೆಯದು ನಮ್ಮ ಅಡುಗೆ ಸೋಡಾನೇ, ಪ್ರಯೋಗ ಮಾಡೋಕೆ ಹೋಗಬೇಡಿ, ಬೇಕಾಗುವ ಪ್ರಮಾಣಕ್ಕೆ ಹೊಟ್ಟೆ ಕೆಡುತ್ತದೆ. ನೈಟ್ರೇಟ್ ಬೇಕಾದರೆ ಬೀಟ್‌ರೂಟ್ ಜ್ಯೂಸ್ ಇದೆ, ಎರಡು ಮೂರು ಗಂಟೆ ಮುಂಚೆ. ಅದನ್ನು ಉಪಯೋಗಕ್ಕೆ ಬರುವ ರೂಪಕ್ಕೆ ತಿರುಗಿಸುವುದು ನಾಲಿಗೆಯ ಮೇಲಿನ ಬ್ಯಾಕ್ಟೀರಿಯಾ, ಆದ್ದರಿಂದ ಅವನ್ನು ಸಾಯಿಸುವ ಮೌತ್‌ವಾಶ್ ಬಳಸಿದರೆ ಕುಡಿದದ್ದು ದಂಡ. ತಮಾಷೆ ಅಂದರೆ, ತುಂಬಾ ಪಳಗಿದ ಓಟಗಾರರಿಗಿಂತ ಸಾಮಾನ್ಯ ಓಟಗಾರರಿಗೇ ಇದರ ಲಾಭ ಜಾಸ್ತಿ. ಮೂತ್ರ ಕೆಂಪಗಾದರೆ ಗಾಬರಿ ಬೀಳಬೇಡಿ.

ಲೇಬಲ್ ಬಗ್ಗೆ ಒಂದು ಮಾತು. ‘ಪ್ರೊಪ್ರೈಟರಿ ಬ್ಲೆಂಡ್’ ಅಂತ ಬರೆದು, ಯಾವುದು ಎಷ್ಟಿದೆ ಅಂತ ಹೇಳದೆ ಒಟ್ಟು ಇಷ್ಟು ಗ್ರಾಂ ಅಂತ ಮಾತ್ರ ಕೊಟ್ಟಿದ್ದರೆ ನಾನಂತೂ ಮುಟ್ಟುವುದಿಲ್ಲ. ಹಿಂದೆ ಇಂಥ ಪುಡಿಗಳಲ್ಲಿ ಡಿಎಂಎಎ ಅನ್ನುವ ಉತ್ತೇಜಕ ಬರುತ್ತಿತ್ತು. ಅದಕ್ಕೇ ಮೀಥೈಲ್‌ಹೆಕ್ಸಾನಮೀನ್ ಅಂತಲೂ ಹೆಸರು, 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಸ್ವಲ್ಪ ಮುಂಚೆ ನಮ್ಮ ಹಲವು ಕ್ರೀಡಾಪಟುಗಳು ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದು ಇದಕ್ಕೇ. 2012ರ ಲಂಡನ್ ಮ್ಯಾರಥಾನ್‌ನಲ್ಲಿ 30 ವರ್ಷದ ಓಟಗಾರ್ತಿಯೊಬ್ಬರು ಗುರಿ ಹತ್ತಿರವಿದ್ದಾಗಲೇ ಕುಸಿದು ತೀರಿಕೊಂಡರು. ಅವರು ನೀರಿನ ಜೊತೆ ಬೆರೆಸಿಕೊಂಡಿದ್ದ ಪುಡಿಯಲ್ಲಿ ಇದಿತ್ತು, ಸಾವಿಗೆ ಅದೂ ಕಾರಣವಿರಬಹುದು ಅಂತ ಅಲ್ಲಿನ ವಿಚಾರಣೆಯಲ್ಲಿ ಹೇಳಿದರು. ಹೃದಯದ ತೊಂದರೆ ಅಥವಾ ಬಿಪಿ ಇರುವವರು ಡಾಕ್ಟರನ್ನು ಕೇಳದೆ ಡಬ್ಬಿ ತೆರೆಯಬೇಡಿ.

ಆಫೀಸು ಮುಗಿಸಿ ಸಂಜೆ ಓಡುವವರು ಇನ್ನೊಂದು ಲೆಕ್ಕ ಹಾಕಿಕೊಳ್ಳಿ. ಮೈಯಲ್ಲಿರುವ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ 7ಕ್ಕೆ 200 ಮಿಲಿಗ್ರಾಂ ಇರುವ ಸ್ಕೂಪ್ ಕುಡಿದರೆ, ರಾತ್ರಿ 12ಕ್ಕೆ ಹಾಸಿಗೆಯಲ್ಲಿ ಹೊರಳಾಡುವಾಗಲೂ ಇನ್ನೂ 100 ಮಿಲಿಗ್ರಾಂ ಒಳಗೇ ಇರುತ್ತದೆ.