ವಾಚನಪೀಠದಲ್ಲಿ ಬರಬಾರದ ಹೆಸರು, ಮತದಾರರ ಪಟ್ಟಿಯಲ್ಲಿ ಇರಬೇಕಾದ ಹೆಸರು

ಚುನಾವಣೆ ಘೋಷಣೆಯಾದ ಮೊದಲ ಭಾನುವಾರ, ಚರ್ಚಿನಲ್ಲಿ ಬಲಿಪೂಜೆಯ (ಮಾಸ್) ಕೊನೆಯ ಪ್ರಕಟಣೆಗಳ ನಡುವೆ ಒಂದು ವಾಕ್ಯ ನುಸುಳುತ್ತದೆ: "ಈ ಸಲ ನಮ್ಮವರೊಬ್ಬರು ನಿಂತಿದ್ದಾರೆ, ಮರೆಯಬೇಡಿ." ಗುರುಗಳೇ (ಪಾದ್ರಿಗಳೇ) ಹೇಳಬೇಕೆಂದಿಲ್ಲ, ಚರ್ಚಿನ ಪಾಲನಾ ಸಮಿತಿಯ ಕಾರ್ಯದರ್ಶಿ ಮೈಕ್ ಹಿಡಿದರೂ ಅಷ್ಟೇ. ಐದೇ ಪದ. ಅದರಿಂದ ದೇಶದ ಕಾನೂನಿಗೂ ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಕಾನೂನಿಗೂ ಒಟ್ಟಿಗೆ ಪೆಟ್ಟು ಬೀಳುತ್ತದೆ.

ಲೋಕಸಭೆ, ವಿಧಾನಸಭೆ ಚುನಾವಣೆಗಳಿಗೆ ಅನ್ವಯವಾಗುವ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123(3)ನೇ ಕಲಮು ಧರ್ಮದ ಹೆಸರಲ್ಲಿ ಮತ ಕೇಳುವುದನ್ನು ಭ್ರಷ್ಟ ಆಚರಣೆ ಎನ್ನುತ್ತದೆ. ಅಭ್ಯರ್ಥಿಯ ಅಥವಾ ಅವರ ಚುನಾವಣಾ ಏಜೆಂಟರ ಒಪ್ಪಿಗೆಯಿಂದ ಹೀಗೆ ಕೇಳಲಾಗಿದೆ ಎಂದು ಸಾಬೀತಾದರೆ ಗೆದ್ದ ಸ್ಥಾನವೇ ಹೋಗಬಹುದು. ಮತದಾರನ ಧರ್ಮವನ್ನು ನೆನಪಿಸಿ ಕೇಳಿದರೂ ಇದೇ ಕಲಮು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿಯಲ್ಲಿ, 4-3ರ ಬಹುಮತದಿಂದ ಹೇಳಿತು. ಇನ್ನು 123(2)ನ್ನು ನಮ್ಮ ಗುರುಗಳು ಬಾಯಿಪಾಠ ಮಾಡಿಕೊಂಡರೂ ತಪ್ಪಿಲ್ಲ. 'ಇವರಿಗೆ ಹಾಕದಿದ್ದರೆ ದೇವರು ಮೆಚ್ಚನು' ಎಂದು ನಂಬಿಸುವುದು, ಧಾರ್ಮಿಕ ಶಿಕ್ಷೆಯ ಭಯ ಹುಟ್ಟಿಸುವುದು ಅದರಲ್ಲಿ ನೇರವಾಗಿ ಬರುತ್ತದೆ. ಗುರುಗಳ ಮುಂದೆ ಪಾಪನಿವೇದನೆ, ಅವರ ಕೈಯಿಂದ ಪರಮಪ್ರಸಾದ ಇರುವ ಸಮುದಾಯದಲ್ಲಿ ಆ ಭಯವನ್ನು ಬಾಯಿಬಿಟ್ಟು ಹೇಳಬೇಕಾಗಿಯೂ ಇಲ್ಲ, ಸೂಚಿಸಿದರೆ ಸಾಕು ಜನರಿಗೆ ಅರ್ಥವಾಗುತ್ತದೆ.

"ಚರ್ಚಿನೊಳಗೆ ಬೇಡ, ಪಕ್ಕದ ಸಭಾಂಗಣದಲ್ಲಿ ಸಭೆ ಇಟ್ಟುಕೊಳ್ಳೋಣ" ಅನ್ನುವವರುಂಟು. ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ 1988ರದ್ದು, ರಾಜಕೀಯಕ್ಕೆ ಬಳಸಬಾರದೆಂದು ಅದು ಹೇಳುವುದು ಸಂಸ್ಥೆಗೆ ಸೇರಿದ ಅಥವಾ ಅದರ ಹತೋಟಿಯಲ್ಲಿರುವ ಯಾವುದೇ ಆವರಣವನ್ನು. ಸಭಾಂಗಣವೂ ಅದೇ, ಶಾಲೆಯ ಅಂಗಳವೂ ಅದೇ. ಎಲ್ಲ ಅಭ್ಯರ್ಥಿಗಳನ್ನೂ ಕರೆದು ಪ್ರಶ್ನೆ ಕೇಳುವ ಒಳ್ಳೆಯ ಯೋಚನೆಯಿದ್ದರೂ, ಬೇರೆ ಸಮುದಾಯಗಳ ಜೊತೆ ಸೇರಿ, ಹೊರಗಿನ ಸಾರ್ವಜನಿಕ ಜಾಗದಲ್ಲಿ ನಡೆಸಿ.

ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ವಿಷಯ ಇನ್ನೂ ಸ್ಪಷ್ಟ. 285ನೇ ನಿಯಮದಂತೆ ಗುರುಗಳು ನಾಗರಿಕ ಅಧಿಕಾರ ಚಲಾಯಿಸುವ ಹುದ್ದೆ ಹಿಡಿಯುವಂತಿಲ್ಲ. 287ರಂತೆ ಪಕ್ಷಗಳಲ್ಲಿ ಸಕ್ರಿಯರಾಗುವಂತಿಲ್ಲ, ಧರ್ಮಸಭೆಯ ಹಕ್ಕಿನ ರಕ್ಷಣೆಗೋ ಸರ್ವರ ಹಿತಕ್ಕೋ ಅಗತ್ಯವೆಂದು ಮೇಲಧಿಕಾರಿ ತೀರ್ಮಾನಿಸಿದರೆ ಮಾತ್ರ ವಿನಾಯಿತಿ. 672ನೇ ನಿಯಮ ಇವೆರಡನ್ನೂ ಕನ್ಯಾಸ್ತ್ರೀಯರಿಗೂ ವಿಸ್ತರಿಸುತ್ತದೆ. ಶ್ರೀಸಾಮಾನ್ಯ ವಿಶ್ವಾಸಿಗಳಿಗಾದರೋ 227ನೇ ನಿಯಮ ಪೂರ್ಣ ಸ್ವಾತಂತ್ರ್ಯ ಕೊಡುತ್ತದೆ, ಒಂದು ಷರತ್ತಿನ ಮೇಲೆ: ಭಿನ್ನಾಭಿಪ್ರಾಯಕ್ಕೆ ಎಡೆಯಿರುವ ವಿಚಾರದಲ್ಲಿ ತನ್ನ ಅಭಿಪ್ರಾಯವನ್ನೇ ಧರ್ಮಸಭೆಯ ಬೋಧನೆ ಎಂದು ಮುಂದಿಡಬಾರದು. ಹಾಗಾಗಿ ಕಥೋಲಿಕರೊಬ್ಬರು ಯಾವ ಪಕ್ಷದ ಕಾರ್ಯಕರ್ತರಾದರೂ ಆಗಲಿ, 'ಕಥೋಲಿಕರ ಅಭ್ಯರ್ಥಿ' ಎಂದು ಫಲಕ ಹಾಕಿಕೊಳ್ಳುವ ಹಕ್ಕು ಅವರಿಗಿಲ್ಲ.

ಇದನ್ನೆಲ್ಲ ಕೇಳಿದವರು ಹಾಗಾದರೆ ಸುಮ್ಮನಿರುವುದೇ ಕ್ಷೇಮ ಅಂದುಕೊಳ್ಳುತ್ತಾರೆ. ನನಗೆ ಬೇಸರವಾಗುವುದು ಅಲ್ಲೇ. ಮತ ಹಾಕುವುದು, ತೆರಿಗೆ ಕಟ್ಟುವುದು ನೈತಿಕ ಕರ್ತವ್ಯವೆಂದು ಕಥೋಲಿಕ ಧರ್ಮೋಪದೇಶ ಗ್ರಂಥದ 2240ನೇ ಕಂಡಿಕೆ ಹೇಳುತ್ತದೆ. ಈ ಕರ್ತವ್ಯಕ್ಕೆ ಧರ್ಮಕೇಂದ್ರ (ಸ್ಥಳೀಯ ಚರ್ಚು) ಮಾಡಬಹುದಾದ ಕೆಲಸ ರಾಶಿ ಇದೆ, ಅದರಲ್ಲಿ ಒಂದಕ್ಕೂ ಅಭ್ಯರ್ಥಿಯ ಹೆಸರು ಬೇಡ.

ಮತದಾರರ ಪಟ್ಟಿಯನ್ನೇ ತೆಗೆದುಕೊಳ್ಳಿ. 2022ರಿಂದ ಅರ್ಹತಾ ದಿನಾಂಕಗಳು ವರ್ಷಕ್ಕೆ ನಾಲ್ಕು: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1. ಆ ದಿನಕ್ಕೆ 18 ತುಂಬಿದವರು ನಮೂನೆ 6 ಕೊಡಬೇಕು. ಮನೆ ಬದಲಿಸಿದವರಿಗೆ, ಹೆಸರಿನ ಕಾಗುಣಿತ ತಿದ್ದಬೇಕಾದವರಿಗೆ ನಮೂನೆ 8. ಒಂದು ಕಾನ್ವೆಂಟಿನ ಬಾಗಿಲಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ. ಕನ್ಯಾಸ್ತ್ರೀಯರಿಗೆ ಕೆಲವು ವರ್ಷಗಳಿಗೊಮ್ಮೆ ವರ್ಗ, ಹೆಸರು ಮಾತ್ರ ಹಿಂದಿನ ಊರಿನ ಪಟ್ಟಿಯಲ್ಲೇ ಉಳಿದಿರುತ್ತದೆ. ಜನನ ಪತ್ರದಲ್ಲಿ ಮನೆಯವರಿಟ್ಟ ಹೆಸರು, ಗುರುತಿನ ಚೀಟಿಯಲ್ಲಿ ಸನ್ಯಾಸದ ಹೆಸರು. ಮತದಾನದ ದಿನ ಮತಗಟ್ಟೆಗೆ ಹೋದರೆ ಯಾವುದೂ ತಾಳೆಯಾಗದು. ಮನೆಗಳಲ್ಲಿ ಡಿಸೋಜ ಒಂದು ಕಡೆ ಡಿಸೋಜಾ, ಇನ್ನೊಂದು ಕಡೆ ಡೆಸೊಜ. ಮದುವೆಯಾಗಿ ಹೋದ ಹೆಣ್ಣುಮಗಳು ತವರಿನ ಪಟ್ಟಿಯಲ್ಲಿ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದ ಮೇಲೆ ಆ ಚುನಾವಣೆಗೆ ಯಾವ ತಿದ್ದುಪಡಿಯೂ ಆಗದು. ಆದ್ದರಿಂದ ಈ ಕೆಲಸಕ್ಕೆ ಚುನಾವಣೆಯ ಗಾಳಿ ಬೀಸುವವರೆಗೆ ಕಾಯದೆ, ಕಿರುಕ್ರೈಸ್ತ ಸಮುದಾಯದ (ನೆರೆಹೊರೆಯ ಕ್ರೈಸ್ತ ಮನೆಗಳ ಗುಂಪಿನ) ತಿಂಗಳ ಕೂಟದಲ್ಲೇ ಮನೆಮನೆಯ ಪಟ್ಟಿ ತಾಳೆ ನೋಡಿ. ನೆರೆಯ ಅನ್ಯಧರ್ಮೀಯರ ಮನೆಯನ್ನೂ ಬಿಡಬೇಡಿ.

ಎರಡನೆಯ ಕೆಲಸ ಗ್ರಾಮಸಭೆ. ಕೆಳಹಂತದ ಸಮುದಾಯ ತಾನೇ ಮಾಡಬಲ್ಲದ್ದನ್ನು ಮೇಲಿನದು ಕಸಿಯಬಾರದು, ಕೈಲಾಗದಿದ್ದಾಗ ನೆರವಾಗಬೇಕು ಎಂಬ ತತ್ವವನ್ನು ಜಗದ್ಗುರು (ಪೋಪ್) ಹನ್ನೊಂದನೇ ಪಿಯುಸ್ 1931ರಲ್ಲಿ ವಿವರಿಸಿದರು. ನಮ್ಮೂರಲ್ಲಿ ಆ ತತ್ವಕ್ಕೆ ಕುರ್ಚಿ, ಮೈಕ್, ನಡಾವಳಿ ಪುಸ್ತಕ ಇರುವುದು ವಾರ್ಡ್‌ಸಭೆ, ಗ್ರಾಮಸಭೆಗಳಲ್ಲಿ. ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆ ಅಲ್ಲೇ ನಡೆಯುತ್ತದೆ. ನಮ್ಮವರು ಅಲ್ಲಿಗೆ ಹೋಗುವುದು ಸ್ಮಶಾನದ ಜಾಗಕ್ಕೋ ಚರ್ಚಿನ ರಸ್ತೆಗೋ ಮಾತ್ರ, ಅದು ಸಿಕ್ಕಿದ ಮೇಲೆ ಮುಖ ಹಾಕುವುದಿಲ್ಲ. ಬಡವರಿಗೆ ಆದ್ಯತೆ ಎಂದು ಧರ್ಮಸಭೆ ಬೋಧಿಸುವಾಗ ಆ ಬಡವ ಕಥೋಲಿಕನೇ ಆಗಿರಬೇಕು ಎಂದು ಎಲ್ಲೂ ಬರೆದಿಲ್ಲ. ಪಟ್ಟಿಯಿಂದ ತಪ್ಪಿಹೋದ ವಿಧವೆಯ ಮನೆಯ ಬಗ್ಗೆ ಅರ್ಜಿಯನ್ನು ಲಿಖಿತವಾಗಿ ಕೊಡಿ, ಸ್ವೀಕೃತಿ ಪಡೆಯಿರಿ, ನಡಾವಳಿಯಲ್ಲಿ ದಾಖಲಾಯಿತೇ ನೋಡಿ, ಮುಂದಿನ ಸಭೆಯಲ್ಲಿ ಏನಾಯಿತೆಂದು ಕೇಳಿ. ಬಾಯಿಮಾತಿನ ಬೇಡಿಕೆ ಸಭೆ ಎದ್ದೊಡನೆ ಮರೆಯಾಗುತ್ತದೆ.

ಇವೆರಡಕ್ಕೂ ಮುಂಚೆ ಧರ್ಮಕೇಂದ್ರದ ಲೆಕ್ಕಪುಸ್ತಕ ಒಮ್ಮೆ ತೆರೆಯಬೇಕು. ಕಾರ್ಮಿಕ ಒಪ್ಪಿಕೊಂಡ ಮಾತ್ರಕ್ಕೆ ಕಡಿಮೆ ಕೂಲಿ ನ್ಯಾಯವಾಗದು ಎಂದು ಜಗದ್ಗುರು ಹದಿಮೂರನೇ ಲಿಯೋ 1891ರಲ್ಲೇ ಹೇಳಿದ್ದಾರೆ. ಗಂಟೆ ಬಾರಿಸುವವರು, ಅಡುಗೆಯವರು, ಶಾಲೆಯ ಆಯಾ: ಇವರ ಸಂಬಳ ಸರ್ಕಾರ ಗೊತ್ತುಪಡಿಸಿದ ಕನಿಷ್ಠ ವೇತನಕ್ಕೆ ಸರಿಯಿದೆಯೇ? ಶಾಲೆಯಲ್ಲಿ 20 ಅಥವಾ ಹೆಚ್ಚು ನೌಕರರಿದ್ದರೆ ಎಲ್ಲ ಅರ್ಹರಿಗೂ ಭವಿಷ್ಯನಿಧಿ ಕಟ್ಟಲಾಗುತ್ತಿದೆಯೇ? "ಸೇವೆ ಎಂದುಕೊಂಡು ಮಾಡುತ್ತಾರೆ" ಎನ್ನುವ ಉತ್ತರ ಬಂದರೆ, ಹಣಕಾಸು ಸಮಿತಿಯ ಮುಂದಿನ ಸಭೆಯಲ್ಲಿ ಮೊದಲ ವಿಷಯವಾಗಿ ಅದನ್ನೇ ಇಡಿ.