ಓಝು ಅವರ ‘ಒಬ್ಬನೇ ಮಗ’: ಕಿವಿಗೊಟ್ಟು ನೋಡಬೇಕಾದ ಚಿತ್ರ

ಜಪಾನಿನ ನಿರ್ದೇಶಕ ಯಸುಜಿರೊ ಓಝು ಮಾತಿನ ಚಿತ್ರಕ್ಕೆ ಕೈ ಹಾಕಿದ್ದು ತಡವಾಗಿ. ಅಲ್ಲಿ 1931ರಲ್ಲೇ ಟಾಕಿ ಬಂದಿತ್ತು. ನಮ್ಮ ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ ಕೂಡ 1934ರಲ್ಲಿ ಬಂದಾಗಿತ್ತು. ಓಝು ಅವರ ಮೊದಲ ಟಾಕಿ ‘ಹಿತೋರಿ ಮುಸುಕೊ’, ಅಂದರೆ ‘ಒಬ್ಬನೇ ಮಗ’, ತೆರೆಗೆ ಬಂದದ್ದು 1936ರಲ್ಲಿ.

ಕಥೆ 1923ರಲ್ಲಿ, ಶಿನ್‌ಶು ಎಂಬ ಬೆಟ್ಟದ ಸೀಮೆಯಲ್ಲಿ ಶುರುವಾಗುತ್ತದೆ. ಗಂಡನಿಲ್ಲದ ಒತ್ಸುನೆ ರೇಷ್ಮೆ ಕಾರ್ಖಾನೆಯಲ್ಲಿ ನೂಲು ತೆಗೆಯುವವಳು. ಶಿಡ್ಲಘಟ್ಟ, ರಾಮನಗರದ ಕಡೆಯವರಿಗೆ ಆ ಕೆಲಸದ ಕಷ್ಟ ವಿವರಿಸಬೇಕಿಲ್ಲ. ಮಗ ರ್ಯೋಸುಕೆಯನ್ನು ಓದಿಸಲು ಮನೆ, ಹಿಪ್ಪುನೇರಳೆ ತೋಟ ಎರಡನ್ನೂ ಮಾರುತ್ತಾಳೆ. 1936ರಲ್ಲಿ ಅವನನ್ನು ನೋಡಲು ಟೋಕಿಯೊಗೆ ಬರುತ್ತಾಳೆ. ಅವನು ರಾತ್ರಿ ಶಾಲೆಯ ಮೇಷ್ಟ್ರು. ಮದುವೆಯಾಗಿ ಕೂಸೂ ಇದೆ, ಅಮ್ಮನಿಗೆ ತಿಳಿಸಿಯೇ ಇಲ್ಲ! ಹುಡುಗನನ್ನು ಓದಿಸಿ ಎಂದಿದ್ದ ಊರಿನ ಮೇಷ್ಟ್ರು ಒಕುಬೊ ಈಗ ಅದೇ ನಗರದಲ್ಲಿ ಹಂದಿಮಾಂಸದ ಕಟ್ಲೆಟ್ ಅಂಗಡಿ ಇಟ್ಟಿದ್ದಾನೆ.

ಇನ್ನು ಸದ್ದಿನ ವಿಷಯ. ಮೊದಲ ಟಾಕಿ ಮಾಡುವವರಿಗೆ ಮಾತು ಜಾಸ್ತಿ ತುಂಬುವ ಆಸೆ ಇರುತ್ತದೆ, ಅಲ್ವಾ? ಓಝು ಹಾಗೆ ಮಾಡಲಿಲ್ಲ. ಮಗ ಅಮ್ಮನನ್ನು ಜರ್ಮನ್ ಟಾಕಿಗೆ ಕರೆದುಕೊಂಡು ಹೋಗುತ್ತಾನೆ. ತೆರೆಯ ಮೇಲೆ ಹಾಡು, ಪ್ರೇಮ. ಅಮ್ಮನಿಗೆ ನಿದ್ದೆ. ಮಗ ತೋರಿಸಬೇಕೆಂದಿದ್ದ ನಗರ ಅವಳನ್ನು ತಟ್ಟುವುದೇ ಇಲ್ಲ.

ನನಗೆ ತುಂಬಾ ಮುಖ್ಯ ಅನ್ನಿಸುವುದು ಬಯಲಿನ ದೃಶ್ಯ. ದೂರದಲ್ಲಿ ಕಸ ಸುಡುವ ಚಿಮಣಿಗಳು. ಇಬ್ಬರೂ ನೆಲದ ಮೇಲೆ ಕೂತಿದ್ದಾರೆ. ನಾನು ಇಷ್ಟೇ ಆಗಿದ್ದೇನೆ ಎಂದು ನಿನಗೆ ಬೇಜಾರಾಯಿತಾ ಅನ್ನುವ ಅರ್ಥದಲ್ಲಿ ಮಗ ಕೇಳುತ್ತಾನೆ. ಮೇಲೆ ಬಾನಾಡಿ ಹಕ್ಕಿ ಕೂಗುತ್ತಿದೆ. ಉತ್ತರಕ್ಕಿಂತ ಆ ಕೂಗೇ ನೆನಪಿನಲ್ಲಿ ಉಳಿಯುತ್ತದೆ. ರಾತ್ರಿ ಮನೆಯಲ್ಲಿ ಅಮ್ಮನ ಸಿಟ್ಟು ಒಡೆಯುತ್ತದೆ. ಸೊಸೆ ಸುಗಿಕೊ ಅಳುತ್ತಾಳೆ. ಆಮೇಲೆ ಓಝು ಯಾರೂ ಇಲ್ಲದ ಕೋಣೆಯ ಮೂಲೆಯನ್ನು ಸುಮಾರು ಒಂದು ನಿಮಿಷ ಸುಮ್ನೆ ತೋರಿಸುತ್ತಾರೆ. ಅದನ್ನು ಮುಂದಕ್ಕೆ ಓಡಿಸಿಬಿಡಬೇಡಿ. ಜಗಳ ನಮ್ಮೊಳಗೆ ಇಳಿಯುವುದು ಅಲ್ಲಿಯೇ.

ಮರುದಿನ ಪಕ್ಕದ ಮನೆಯ ಹುಡುಗನಿಗೆ ಕುದುರೆಯಿಂದ ಪೆಟ್ಟಾಗುತ್ತದೆ. ಅಮ್ಮನನ್ನು ಸುತ್ತಾಡಿಸಲು ಹೊಂದಿಸಿದ್ದ ಹಣವನ್ನು ರ್ಯೋಸುಕೆ ಆ ಮನೆಗೆ ಕೊಡುತ್ತಾನೆ. ಅಮ್ಮ ನಿಜವಾಗಿ ಹೆಮ್ಮೆಪಡುತ್ತಾಳೆ. ಹಾಗಾಗಿ ಅವನನ್ನು ಬರೀ ಸೋತ ಮಗ ಎಂದು ಬರೆದರೆ ತಪ್ಪಾಗುತ್ತದೆ. ಅಮ್ಮ ಗೆದ್ದಳು ಎಂದೂ ಬರೆಯಲಾಗದು. ಊರಿಗೆ ಮರಳಿ ಮಗ ದೊಡ್ಡ ಮನುಷ್ಯನಾಗಿದ್ದಾನೆ ಎಂದು ಗೆಳತಿಗೆ ಹೇಳುತ್ತಾಳೆ. ನಂತರ ಕಾರ್ಖಾನೆಯ ಹಿಂದೆ ಒಬ್ಬಳೇ ಹೋಗಿ ಕೂರುತ್ತಾಳೆ. ಮುಖ ಬಾಡುತ್ತದೆ. ಕೊನೆಯ ದೃಶ್ಯದಲ್ಲಿ ಕಾಣುವುದು ಮುಚ್ಚಿದ ಗೇಟು.